ಕಥೆ ಕೇಳಿದ ಮನೋರಮೆ

ಓದುಗರ ಸುಖ ಬರೆಯುವವರ ಸುಖಕ್ಕಿಂತ ಕಡಿಮೆಯೇ? ಕರಾವಳಿಯ ಕವಿ ಮುದ್ದಣ ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ.

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಅವರ ‘ಶ್ರೀರಾಮಾಶ್ವಮೇಧ’ದಲ್ಲಿ, ಮಳೆಗಾಲದ ಬೇಸರ ಕಳೆಯಲು ಮುದ್ದಣ ಮಡದಿ ಮನೋರಮೆಗೆ ಕಥೆ ಹೇಳುತ್ತಾನೆ. ಆಕೆ ಒಂದು ಸಾಲನ್ನೂ ಬರೆಯುವವಳಲ್ಲ. ಆದರೆ ಪದ್ಯ ಬೇಡ, ಗದ್ಯವಾಗಲಿ ಎನ್ನುವವಳು ಆಕೆ. ಸಂಸ್ಕೃತ ಹೆಚ್ಚಾದರೆ ತಡೆಯುವವಳೂ ಆಕೆಯೇ. ನಡುನಡುವೆ ಕೆಣಕುತ್ತಾಳೆ, ನಗುತ್ತಾಳೆ. ಕೃತಿಯ ರೂಪವನ್ನೇ ಕೇಳುಗಳು ತೀರ್ಮಾನಿಸುತ್ತಾಳೆ.

ಬರೆದವರ ಪಾಡು ಬೇರೆ. ಹೆಸರು ಮರೆಮಾಚಿ, ಹಳೆಯ ಕೃತಿಯೆಂದೇ ಅದನ್ನು ಮೈಸೂರಿಗೆ ಕಳುಹಿಸಿದ ಅವರು 1901ರಲ್ಲಿ, 31ರ ಹರೆಯದಲ್ಲೇ ಕ್ಷಯದಿಂದ ತೀರಿಕೊಂಡರು. ಕವಿ ಯಾರೆಂದು ನಾಡಿಗೆ ತಿಳಿದದ್ದು ಆ ಬಳಿಕ. ಮನೋರಮೆಯ ಸುಖವಾದರೋ ಪುಸ್ತಕ ತೆರೆದವರಿಗೆಲ್ಲ ಇಂದಿಗೂ ದಕ್ಕುತ್ತಿದೆ.