ಅಮ್ಮ: ಮಕ್ಕಳ ಮೈಮೇಲೆ ಏಳುವ ವೈರಾಣು ಗುಳ್ಳೆಗಳು

ಜ್ವರದೊಡನೆ ಮಕ್ಕಳ ಮೈಮೇಲೆ ಗುಳ್ಳೆ, ದದ್ದು ಏಳುವ ಅಂಟುರೋಗಗಳಿಗೆ ಹಳೇ ಮೈಸೂರು ಸೀಮೆಯಲ್ಲೂ ಅದರ ಮಗ್ಗುಲಲ್ಲಿರುವ ತಾಳವಾಡಿ ಬೆಟ್ಟಸೀಮೆಯಲ್ಲೂ (ಈರೋಡು ಜಿಲ್ಲೆ, ತಮಿಳುನಾಡು) ಇರುವ ಒಟ್ಟು ಹೆಸರು ಅಮ್ಮ. ದಡಾರ, ಸೀತಾಳೆ ಸಿಡುಬು, ರುಬೆಲ್ಲಾ, ಕೈ-ಕಾಲು-ಬಾಯಿ ರೋಗ ಇದರೊಳಗೆ ಬರುತ್ತವೆ. ಇವಕ್ಕೆಲ್ಲ ಹಿರಿಯದಾಗಿದ್ದ ಸಿಡುಬು ಈಗಿಲ್ಲ.

ಹೆಸರುಗಳು

ತಾಳವಾಡಿ ಸೀಮೆಯ ತಿಗನಾರೆಯಂಥ ಊರಿನಲ್ಲಿ ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತಮಿಳು. ದಡಾರಕ್ಕೆ ತಮಿಳಿನಲ್ಲಿ ತಟ್ಟಮ್ಮೈ, ಸೀತಾಳೆ ಸಿಡುಬಿಗೆ ಚಿನ್ನಮ್ಮೈ, ಸಿಡುಬಿಗೆ ಪೆರಿಯಮ್ಮೈ. ಮೂರಕ್ಕೂ ‘ಅಮ್ಮೈ’ ಅಂಟಿಕೊಂಡಿದ್ದರೂ ಮೊದಲ ಪದ ಒಂದನ್ನು ಇನ್ನೊಂದರಿಂದ ಬೇರೆ ಮಾಡುತ್ತದೆ. ಕನ್ನಡದ ‘ಅಮ್ಮ ಎದ್ದವಳೆ’ ಹಾಗಲ್ಲ, ಯಾವುದು ಎದ್ದರೂ ಅದೇ ಮಾತು. ‘ಈ ಕೂಸಿಗೆ ಹೋದ ವರ್ಷವೇ ಅಮ್ಮ ಆಗಿತ್ತು, ಇನ್ನು ಬರಲ್ಲ’ ಎಂದು ಅಜ್ಜಿ ಹೇಳಿದರೆ, ಯಾವ ಅಮ್ಮ ಎಂದು ಕೇಳಿ ತಿಳಿಯಬೇಕು. ಸೀತಾಳೆ ಬಂದುಹೋದ ಮಗುವಿಗೆ ದಡಾರದಿಂದ ರಕ್ಷಣೆಯಿಲ್ಲ.

ಗುರುತಿಸುವ ಬಗೆ

ಪಠ್ಯಪುಸ್ತಕಗಳು ‘ಕೆಂಪು ದದ್ದು’ ಎಂದು ಆರಂಭಿಸುತ್ತವೆ. ಆ ಕೆಂಪು ಬಿಳಿ ಚರ್ಮದ ಮೇಲೆ ಕಂಡದ್ದು. ನಮ್ಮ ಎಣ್ಣೆಗಪ್ಪು ಮಕ್ಕಳ ಮೈಯಲ್ಲಿ ಅದು ಬರೀ ಮೈಬಣ್ಣ ಗಾಢವಾದಂತೆ ಕಾಣಬಹುದು, ಕಾಣದೆಯೂ ಇರಬಹುದು. ಆದ್ದರಿಂದ ಬಣ್ಣಕ್ಕಿಂತ ನಂಬಬೇಕಾದವು ಮೂರು: ಜ್ವರ ಮೊದಲೋ ಗುಳ್ಳೆ ಮೊದಲೋ, ಮೈಯ ಯಾವ ಭಾಗದಲ್ಲಿ ಶುರುವಾಯಿತು, ಗುಳ್ಳೆಯೊಳಗೆ ನೀರಿದೆಯೋ ಇಲ್ಲವೋ. ಬಿಸಿಲಿಗೆ ಮಗುವನ್ನು ಓರೆಯಾಗಿ ಹಿಡಿದು, ಬೆನ್ನಮೇಲೆ ಅಂಗೈ ಆಡಿಸಿದರೆ ಕಣ್ಣಿಗೆ ಸಿಗದ ತರಿ ಕೈಗೆ ಸಿಗುತ್ತದೆ.

ದಡಾರ (ಕೆಲವೆಡೆ ಗೊಬ್ಬರ) ಶೀತದ ವೇಷದಲ್ಲಿ ಬರುತ್ತದೆ. ಮೂರು ನಾಲ್ಕು ದಿನ ಏರುಜ್ವರ, ಕೆಮ್ಮು, ಸುರಿಯುವ ಮೂಗು, ಬೆಳಕಿಗೆ ಮುಚ್ಚಿಕೊಳ್ಳುವ ಕೆಂಗಣ್ಣು. ದದ್ದು ಏಳುವ ಒಂದೆರಡು ದಿನ ಮುಂಚೆ ಕೆನ್ನೆಯ ಒಳಮೈಯಲ್ಲಿ, ದವಡೆಹಲ್ಲಿನ ಎದುರಿಗೆ, ಉಪ್ಪಿನ ಹರಳು ಉದುರಿಸಿದಂಥ ಬಿಳಿ ಚುಕ್ಕೆಗಳಿರುತ್ತವೆ. ಇವು ಕಂಡರೆ ದಡಾರವೇ ಎನ್ನಬಹುದು. ದದ್ದು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಹುಟ್ಟಿ ಮುಖ, ಎದೆ, ಕಾಲು ಎಂದು ಇಳಿಯುತ್ತದೆ. ನೀರು ತುಂಬುವುದಿಲ್ಲ. ದದ್ದು ಏಳುವ 4 ದಿನ ಮುಂಚಿನಿಂದ ಎದ್ದ ಮೇಲಿನ 4 ದಿನದವರೆಗೆ ಸೋಂಕು ಹರಡುತ್ತದೆ; ಅಂದರೆ ಅಮ್ಮ ಎಂದು ತಿಳಿಯುವ ಹೊತ್ತಿಗೆ ಅಕ್ಕಪಕ್ಕದ ಮಕ್ಕಳಿಗೆ ಅಂಟಿರಲೂಬಹುದು.

ಸೀತಾಳೆಯಲ್ಲಿ ಗುಳ್ಳೆ ಇಬ್ಬನಿಯ ಹನಿಯಂತೆ ತೆಳು, ವಿಪರೀತ ತುರಿಕೆ. ಹೊಟ್ಟೆ-ಬೆನ್ನಿನ ಮೇಲೆ ಹೆಚ್ಚು, ಕೈಕಾಲಿಗೆ ಕಡಿಮೆ. ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಂದೇ ಅಂಗೈ ಅಗಲದಲ್ಲಿ ಒಟ್ಟಿಗೆ ಸಿಗುವುದು ಇದರ ದೊಡ್ಡ ಗುರುತು. ಸಿಡುಬಿನಲ್ಲಿ ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ವಯಸ್ಸಿನವು, ಮುಖ ಕೈಕಾಲುಗಳಲ್ಲೇ ದಟ್ಟವಾಗಿರುತ್ತಿದ್ದವು. ಸೀತಾಳೆಯ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ಯಕೃತ್ತು, ಮಿದುಳಿಗೆ ಕುತ್ತು ತರುವ ರೇ ಸಿಂಡ್ರೋಮ್ ಬರಬಹುದು.

ಅಂಗೈ, ಅಂಗಾಲು, ಬಾಯಿಯೊಳಗೆ ಮುಖ್ಯವಾಗಿ ಗುಳ್ಳೆಯಿದ್ದರೆ ಕೈ-ಕಾಲು-ಬಾಯಿ ರೋಗ, ಕೆಲವೊಮ್ಮೆ ಕುಂಡೆಯ ಮೇಲೂ ಏಳುತ್ತದೆ. 2022ರಲ್ಲಿ ಕೇರಳದ ಕೊಲ್ಲಂನಿಂದ ಸುದ್ದಿಯಾದ ‘ಟೊಮ್ಯಾಟೊ ಜ್ವರ’ ಇದರದೇ ರೂಪ ಎಂದು ಬಹುಮಟ್ಟಿಗೆ ಒಪ್ಪಿದ್ದಾರೆ. ರುಬೆಲ್ಲಾದ ದದ್ದು ಮೂರು ದಿನದ್ದು, ಕಿವಿಯ ಹಿಂದೆ ಗಡ್ಡೆ ಸಿಗುತ್ತದೆ. ಮಗುವಿಗೆ ಹಗುರ, ಬಸುರಿಯ ಹೊಟ್ಟೆಯ ಕೂಸಿಗೆ ಘೋರ. ಮೂರು ದಿನ ಜ್ವರ ಕಾದು, ಬಿಟ್ಟ ಮೇಲೆ ದದ್ದು ಎದ್ದರೆ ರೋಸಿಯೋಲಾ, ಹೆದರಬೇಕಿಲ್ಲ.

ಕೆನ್ನೆಗೆ ಹೊಡೆದಂತೆ ಕಾಣುವ ಪಾರ್ವೊವೈರಸ್ ಸೋಂಕನ್ನು ಬಯಲುಸೀಮೆಯ ವೈದ್ಯರು ಹಗುರವಾಗಿ ಕಾಣುತ್ತಾರೆ. ಬೆಟ್ಟದಲ್ಲಿ ಹಾಗಾಗದು. ಕುಡಗೋಲು ಕಣ ರಕ್ತಹೀನತೆ ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ಪತ್ತೆಯಾಗಿದೆ, ಈ ಬೆಟ್ಟಗಳ ಸೋಲಿಗರಲ್ಲೂ ಇದೆ. ಅದಿರುವ ಮಗುವಿನಲ್ಲಿ ಈ ವೈರಾಣು ಕೆಂಪು ರಕ್ತಕಣಗಳ ಉತ್ಪಾದನೆಯನ್ನೇ ಕೆಲದಿನ ನಿಲ್ಲಿಸಿಬಿಡುತ್ತದೆ.

ಸಿಡುಬಿನ ನೆರಳು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ, ಮೈಸೂರು ಸೀಮೆ ಒಡೆಯರಿಗೆ ಹಂಚಿಹೋದವು. ಕಂಪನಿ ತಂದ ಗೋಸಿಡುಬಿನ ಲಸಿಕೆ ಭಾರತದಲ್ಲಿ ಮೊದಲು ಹಾಕಲ್ಪಟ್ಟದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಮೂರು ವರ್ಷದ ಬಳಿಕ ಟಾಮಸ್ ಹಿಕಿ ಬರೆದ ಮೈಸೂರಿನ ಮೂವರು ಹೆಂಗಸರ ವರ್ಣಚಿತ್ರವನ್ನು ಬಹುಕಾಲ ನರ್ತಕಿಯರದೆಂದು ತಿಳಿದಿದ್ದರು. ಬಲಗಡೆಯವಳು ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಎಡಗಡೆಯವಳ ಮೂಗು-ಬಾಯಿಯ ಸುತ್ತ ಬಣ್ಣ ಕೆಟ್ಟಿದೆ. ಇಬ್ಬರೂ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ, ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ ಎನ್ನುವುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ: ತೋಳು ತೋರಿಸಿದವಳು ಹೊಸ ಲಸಿಕೆ ಪಡೆದವಳು, ಇನ್ನೊಬ್ಬಳು ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದಿಸಿಕೊಂಡ ಹಳೆಯ ಪದ್ಧತಿಯವಳು. ಇದು ಚಿತ್ರದ ಓದು, ಕಾಗದದ ದಾಖಲೆಯಲ್ಲ. ಆದರೂ ಒಪ್ಪಲು ಮನಸ್ಸಾಗುತ್ತದೆ. ಭಾರತದಲ್ಲಿ ಕೊನೆಯ ಸಿಡುಬು 1975ರಲ್ಲಿ. ಲೋಕವೇ ಮುಕ್ತವೆಂದು ಸಾರಿದ್ದು 1980ರಲ್ಲಿ.

ಮನೆಯ ಕಟ್ಟಳೆ

ಅಮ್ಮ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು, ಒಗ್ಗರಣೆ ಬಂದ್, ಹೊರಗಿನವರಿಗೆ ಪ್ರವೇಶವಿಲ್ಲ, ಇಳಿದ ಮೇಲೆ ಬೇವು-ಅರಿಸಿನದ ನೀರು, ಮಾರಮ್ಮನಿಗೆ ಮೊಸರನ್ನ. ದಿಂಬಂ ಘಟ್ಟದ 27 ತಿರುವು ಇಳಿದು ಬಣ್ಣಾರಿ ಅಮ್ಮನಿಗೆ ಹರಕೆ ಒಪ್ಪಿಸುವವರೂ ಇದ್ದಾರೆ. ಬೇವಿನ ಸೊಪ್ಪು ವೈರಾಣುವನ್ನು ಕೊಲ್ಲುವುದಿಲ್ಲ, ಆದರೆ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯ ವೈದ್ಯ. ಅಮ್ಮ ಮನೆಯಲ್ಲಿರುವಾಗ ಆಸ್ಪತ್ರೆಗೆ ಹೋಗಬಾರದೆಂಬ ಕಟ್ಟಳೆ ಮಾತ್ರ ದಡಾರದಲ್ಲಿ ಜೀವಕ್ಕೆ ಎರವಾಗುತ್ತದೆ. ಕೊಲ್ಲುವುದು ಹೆಚ್ಚಾಗಿ ದದ್ದಲ್ಲ, ಅದರ ಹಿಂದೆ ಬರುವ ನ್ಯುಮೋನಿಯಾ, ಭೇದಿ. ದಡಾರದ ಮಗುವಿಗೆ ಎರಡು ದಿನ ಸತತವಾಗಿ ವಿಟಮಿನ್ ‘ಎ’ ಕೊಡಿಸಬೇಕು.

ಲಸಿಕೆ

ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಆರಂಭವಾದಾಗ ಮೊದಲ ಸುತ್ತಿನಲ್ಲಿ ಕರ್ನಾಟಕ, ತಮಿಳುನಾಡು ಎರಡೂ ಇದ್ದವು. ಈಗ 9-12 ತಿಂಗಳಲ್ಲಿ ಒಂದು, 16-24 ತಿಂಗಳಲ್ಲಿ ಇನ್ನೊಂದು ಸೂಜಿ. ಸೀತಾಳೆಯ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ.

ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ನೇರಳೆ ಚುಕ್ಕೆ, ಏಳಿಸಿದರೂ ಏಳದ ಮಂಪರು, ಪಕ್ಕೆ ಒಳಸೆಳೆಯುವ ಉಸಿರು: ಈ ಮೂರರಲ್ಲಿ ಒಂದಿದ್ದರೂ ಅಮ್ಮ ಇಳಿಯಲೆಂದು ಕಾಯದೆ ಮಗುವನ್ನು ಎತ್ತಿಕೊಂಡು ಹೊರಡಿ.