ಕೊಲ್ಲಾಪುರದಲ್ಲಿ ಹುಟ್ಟಿದ ಕನ್ನಡ ಚಿತ್ರನಾದ

ಚಲಚ್ಚಿತ್ರವನ್ನು ನೋಡುವವರು ಬಹುಮಂದಿ. ಅದನ್ನು ಕೇಳುವವರು ವಿರಳ. ಹಾಡುಗಳನ್ನು ಗುನುಗುವವರು ಕೂಡ ಮಾತಿನ ಹಿಂದೆ ಮೆಲ್ಲನೆ ಹರಿಯುವ ಹಿನ್ನೆಲೆಯ ವಾದ್ಯಗಳಿಗೆ ಕಿವಿಗೊಡುವುದು ಅಪರೂಪವೇ ಸರಿ. ಆ ನಾದದಲ್ಲಿ ಒಲವುಳ್ಳ ನಮಗೆ ಅದರ ಇತಿಹಾಸದಲ್ಲಿ ಅಭಿಮಾನಪಡತಕ್ಕ ಸಂಗತಿಯೊಂದುಂಟು. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರವು ದನಿ ಪಡೆದುದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ನಮ್ಮ ಜತ್ತ ಸೀಮೆಯ ಪಶ್ಚಿಮಕ್ಕಿರುವ ಕೊಲ್ಲಾಪುರದಲ್ಲಿ.

ಆಗ ಕೊಲ್ಲಾಪುರವೂ ಜತ್ತವೂ ಸಂಸ್ಥಾನಗಳು. 1931ರಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಮಾತನಾಡಿದ ಮರುವರ್ಷವೇ ಕೊಲ್ಲಾಪುರದ ಪ್ರಭಾತ ಸಂಸ್ಥೆಯು ಗೋವಿಂದರಾವ್ ಟೆಂಬೆಯವರ ಸಂಗೀತದೊಡನೆ 'ಅಯೋಧ್ಯೇಚಾ ರಾಜಾ' ಎಂಬ ಮರಾಠಿ ಚಿತ್ರವನ್ನು ಹೊರತಂದಿತು. ಹೀಗೆ ಆ ನಗರವು ಧ್ವನಿಮುದ್ರಣದಲ್ಲಿ ಪಳಗಿತ್ತು. ಅಲ್ಲಿಯ ಛತ್ರಪತಿ ಸಿನೆಟೋನಿನಲ್ಲಿ ವೈ. ವಿ. ರಾಯರ ನಿರ್ದೇಶನದಲ್ಲಿ 'ಸತಿ ಸುಲೋಚನಾ' ಸಿದ್ಧವಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಬೆಳ್ಳಾವೆ ನರಹರಿಶಾಸ್ತ್ರಿಗಳು ಅದರ ಸಾಹಿತ್ಯವನ್ನು ರಚಿಸಿದರು. ರಂಗಭೂಮಿಯಿಂದ ಬಂದ ಸುಬ್ಬಯ್ಯನಾಯ್ಡು ನಾಯಕರಾದರು, ಆರ್. ನಾಗೇಂದ್ರರಾಯರು ರಾವಣನ ಪಾತ್ರದೊಡನೆ ಸಂಗೀತದ ಹೊಣೆಯನ್ನೂ ಹೊತ್ತರು.

ಅಂದಿನ ವಾಕ್ಚಿತ್ರಗಳಲ್ಲಿ ನಟನೇ ಗಾಯಕನಾಗಬೇಕಿತ್ತು. ಮಾತು, ಹಾಡು, ವಾದ್ಯ ಎಲ್ಲವೂ ಚಿತ್ರದೊಡನೆಯೇ ಮುದ್ರಿತವಾಗುತ್ತಿದ್ದುವು. ವಾದ್ಯಗಾರರು ಕ್ಯಾಮರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ಒಂದು ಸ್ವರ ತಪ್ಪಿದರೆ ಎಲ್ಲರೂ ಮೊದಲಿನಿಂದ ತೊಡಗಬೇಕಿತ್ತು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು ಹಿನ್ನೆಲೆ ಗಾಯನವನ್ನು ಬಳಕೆಗೆ ತಂದ ಮೇಲೆ ಕಂಠವೂ ನಟನೆಯೂ ಬೇರ್ಪಟ್ಟುವು. ಕ್ರಮೇಣ, ಪೂರ್ಣಗೊಂಡ ಚಿತ್ರವನ್ನು ಮುಂದಿಟ್ಟುಕೊಂಡು ಅದರ ಭಾವಕ್ಕೆ ತಕ್ಕ ವಾದ್ಯಸಂಗೀತವನ್ನು ಹೆಣೆಯುವುದು ಸ್ವತಂತ್ರ ಕಲೆಯಾಗಿ ಬೆಳೆಯಿತು.

ಈ ಕಲೆಯು ಎಷ್ಟು ಆಳಕ್ಕಿಳಿಯಬಲ್ಲುದೆಂಬುದಕ್ಕೆ ಬಿ. ವಿ. ಕಾರಂತರ 'ಚೋಮನ ದುಡಿ'ಯೇ (1975) ಸಾಕ್ಷಿ. ಸ್ವಂತ ಬೇಸಾಯವೆಂಬುದು ಕನಸಾಗಿಯೇ ಉಳಿದ ಚೋಮನ ಸಿಟ್ಟನ್ನೂ ಅಳಲನ್ನೂ ಅಲ್ಲಿ ಮಾತಿಗಿಂತ ಮಿಗಿಲಾಗಿ ನುಡಿಯುವುದು ಒಂದು ಚರ್ಮವಾದ್ಯ. ಕಾರಂತರು ಮುಂದೆ 'ಋಷ್ಯಶೃಂಗ', 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. 1980ರ ದಶಕದಲ್ಲಿ ಶಂಕರನಾಗ್ ಅವರು ದೂರದರ್ಶನಕ್ಕಾಗಿ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಭಾಷೆ ಹಿಂದಿಯಾಗಿದ್ದರೂ ಎಲ್. ವೈದ್ಯನಾಥನ್ ಅವರ ಶೀರ್ಷಿಕೆ ರಾಗವನ್ನು ಕನ್ನಡಿಗರು ತಮ್ಮದೇ ಎಂಬಂತೆ ಮನೆಗೆ ಬರಮಾಡಿಕೊಂಡರು. ನಾದಕ್ಕೆ ಗಡಿಯ ಕಟ್ಟಳೆಯಿಲ್ಲ.

ಆದರೆ ನಾದಕ್ಕೆ ಮರಣವುಂಟು. 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ವಾಕ್ಚಿತ್ರದ ಆ ಮೊದಲ ದನಿ ಶಾಶ್ವತವಾಗಿ ಅಡಗಿದೆ. ಮರೆಯಲ್ಲಿ ಕುಳಿತು ನುಡಿಸಿದವರ ಬೆರಳುಗಳ ಕುಶಲತೆಯನ್ನು ನಮ್ಮ ಮಕ್ಕಳು ಎಂದಿಗೂ ಕೇಳಲಾರರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜತ್ತವು ಮುಂಬಯಿ ರಾಜ್ಯದಲ್ಲಿಯೂ 1960ರಲ್ಲಿ ಮಹಾರಾಷ್ಟ್ರದಲ್ಲಿಯೂ ಉಳಿಯಿತು. ನಕಾಶೆಯ ಗೆರೆಗಳನ್ನು ಎಳೆಯುವವರು ಬೇರೆ. ಆದರೆ ಮನೆಯೊಳಗಿನ ಕನ್ನಡವನ್ನು ಕಾಯುವವರು ನಾವೇ.

ಆದುದರಿಂದ ತಿಕೋಂಡಿಯ ಹಾಗೂ ಸುತ್ತಲಿನ ಊರುಗಳ ಕನ್ನಡ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಅಟ್ಟದ ಮೇಲಿನ ಹಳೆಯ ಗ್ರಾಮಫೋನ್ ತಟ್ಟೆಗಳನ್ನೂ, ಚಿತ್ರಮಂದಿರದ ಬಾಗಿಲಲ್ಲಿ ಕೊಂಡ ಪದ್ಯಾವಳಿಗಳನ್ನೂ ರದ್ದಿಗೆ ಹಾಕದಿರಿ. ಅಜ್ಜ ಅಜ್ಜಿಯರು ಕೇಳಿದ ರಾಗಗಳನ್ನು ಅವರ ಬಾಯಿಂದಲೇ ಕೇಳಿ, ಮಕ್ಕಳಿಂದ ಬರೆಯಿಸಿ ಇಡಿರಿ. ಕಳೆದ ದನಿಯನ್ನು ಮರಳಿ ತರಲಾಗದು; ಉಳಿದುದನ್ನು ಕಾಪಾಡುವುದು ಮಾತ್ರ ನಮ್ಮ ಕೈಯಲ್ಲಿದೆ.