ವಿವಾಹ ವಿಚ್ಛೇದನ: ಕ್ರೈಸ್ತ ಕುಟುಂಬಗಳು ತಿಳಿದಿರಬೇಕಾದ ಕಾನೂನು ಮಾಹಿತಿ

ವಿವಾಹವು ಮುರಿಯಲಾಗದ ಪವಿತ್ರ ಬಂಧನ ಎಂಬುದು ಧರ್ಮಸಭೆಯ ಬೋಧನೆ. ಹಾಗಿದ್ದರೂ ಹೊಡೆತ, ಕುಡಿತ, ತೊರೆದು ಹೋಗುವಿಕೆ ಮೊದಲಾದ ಕಾರಣಗಳಿಂದ ಒಟ್ಟಿಗೆ ಬಾಳಲು ಸಾಧ್ಯವಾಗದ ದಂಪತಿಗಳು ನಮ್ಮ ವಾಳೆಗಳಲ್ಲೂ ಇದ್ದಾರೆ. ಇಂಥವರು ಹೆಚ್ಚಾಗಿ ಮೊದಲು ಬರುವುದು ಗುರ್ಕಾರರ ಬಳಿಗೆ ಅಥವಾ ಧರ್ಮಗುರುಗಳ ಬಳಿಗೆ. ಅವರಿಗೆ ಸರಿಯಾದ ದಾರಿ ತೋರಿಸಲು ಅನುಕೂಲವಾಗಲೆಂದು ಮುಖ್ಯ ಅಂಶಗಳನ್ನು ಇಲ್ಲಿ ಕೊಡಲಾಗಿದೆ.

ಎರಡು ತೀರ್ಪುಗಳು ಬೇರೆ ಬೇರೆ

ಧರ್ಮಸಭೆಯ ಟ್ರಿಬ್ಯೂನಲ್ ಒಂದು ವಿವಾಹವನ್ನು ಅಸಿಂಧು ಎಂದು ಘೋಷಿಸಿದರೆ, ಆ ವಿವಾಹ ಆರಂಭದಿಂದಲೇ ಸಂಸ್ಕಾರವಾಗಿ ಊರ್ಜಿತವಾಗಿರಲಿಲ್ಲ ಎಂದರ್ಥ. ನ್ಯಾಯಾಲಯದ ವಿಚ್ಛೇದನ ಡಿಕ್ರಿಯು ಕಾನೂನಿನ ದೃಷ್ಟಿಯಲ್ಲಿ ವಿವಾಹವನ್ನು ಕೊನೆಗೊಳಿಸುತ್ತದೆ. ಒಂದು ಇದ್ದರೆ ಇನ್ನೊಂದು ಬೇಡ ಎಂದು ತಿಳಿಯುವುದು ತಪ್ಪು.

ಟ್ರಿಬ್ಯೂನಲ್‌ನ ತೀರ್ಪಿನಿಂದ ಕಾನೂನುಬದ್ಧ ವಿವಾಹ ರದ್ದಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲಿ ಹೇಳಿತು. ಈ ತೀರ್ಪುಗಳಿಗೆ ಮಾನ್ಯತೆ ಕೋರಿ ಕರ್ನಾಟಕದ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು 2013ರಲ್ಲಿ ಸಲ್ಲಿಸಿದ್ದ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಆದ್ದರಿಂದ ಟ್ರಿಬ್ಯೂನಲ್‌ನ ಕಾಗದವನ್ನು ಮಾತ್ರ ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಮೊಕದ್ದಮೆ ಹೂಡಬಹುದು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನ ಪ್ರಕಾರ ಇದಕ್ಕೆ 7 ವರ್ಷಗಳ ತನಕ ಸೆರೆವಾಸವಿದೆ. ಹಾಗೆಯೇ ನ್ಯಾಯಾಲಯದ ಡಿಕ್ರಿ ಮಾತ್ರ ಇದ್ದವರಿಗೆ ಚರ್ಚಿನಲ್ಲಿ ಮರುಮದುವೆ ಸಾಧ್ಯವಿಲ್ಲ.

ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿಯವರಿಂದ ಸಹಿ ಹಾಕಿಸಿದ ಬಿಡುಗಡೆ ಪತ್ರಕ್ಕೆ ಎರಡೂ ಕಡೆ ಬೆಲೆಯಿಲ್ಲ.

ಕಾನೂನು ಏನು ಹೇಳುತ್ತದೆ?

ಕ್ರೈಸ್ತರಿಗೆ ಅನ್ವಯವಾಗುವುದು 1869ರ ವಿಚ್ಛೇದನ ಕಾಯಿದೆ. ಮೊದಲು ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗುತ್ತಿತ್ತು. ಹೆಂಡತಿಯಾದರೋ ಅದರ ಜೊತೆಗೆ ಕ್ರೌರ್ಯ ಅಥವಾ ತ್ಯಜಿಸುವಿಕೆಯಂತಹ ಇನ್ನೊಂದು ಕಾರಣವನ್ನೂ ರುಜುವಾತುಪಡಿಸಬೇಕಿತ್ತು. 2001ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಈಗ ವ್ಯಭಿಚಾರ, ಕ್ರೌರ್ಯ, ಕನಿಷ್ಠ 2 ವರ್ಷ ತೊರೆದಿರುವುದು, 7 ವರ್ಷಗಳಿಂದ ಬದುಕಿರುವ ಸುದ್ದಿಯೇ ಇಲ್ಲದಿರುವುದು, ಮತಾಂತರ ಮೊದಲಾದವು ಇಬ್ಬರಿಗೂ ಸಮಾನ ಕಾರಣಗಳು. ವ್ಯಭಿಚಾರದ ಆರೋಪ ಮಾಡಿದರೆ ಸಂಬಂಧಪಟ್ಟ ಮೂರನೆಯ ವ್ಯಕ್ತಿಯನ್ನೂ ಸಾಮಾನ್ಯವಾಗಿ ಪ್ರತಿವಾದಿಯನ್ನಾಗಿ ಮಾಡಬೇಕಾಗುತ್ತದೆ. ಸಿಟ್ಟಿನಲ್ಲಿ ಬರೆಸಿದ ಸುಳ್ಳು ಆರೋಪ ಮಕ್ಕಳನ್ನೂ ನೋಯಿಸುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 10ಎ ಕಲಮಿನಲ್ಲಿ ಅವಕಾಶವಿದೆ. ಕಾಯಿದೆಯ ಪಠ್ಯದಲ್ಲಿ 2 ವರ್ಷ ಬೇರೆಯಾಗಿ ಇರಬೇಕೆಂದು ಇದ್ದರೂ 2014ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು 1 ವರ್ಷಕ್ಕೆ ಇಳಿಸಿತು. ಕೇರಳ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಆ 1 ವರ್ಷದ ಕಡ್ಡಾಯವನ್ನೂ ರದ್ದುಪಡಿಸಿರುವುದರಿಂದ ಕಾಸರಗೋಡಿನ ಕುಟುಂಬಗಳು ಅಲ್ಲಿನ ವಕೀಲರನ್ನೇ ಕೇಳುವುದು ಒಳ್ಳೆಯದು. ಅರ್ಜಿ ಸಲ್ಲಿಸಿ 6 ತಿಂಗಳ ಬಳಿಕ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಒಪ್ಪಿಗೆ ತಿಳಿಸಬೇಕು.

ವಕೀಲರ ಬಳಿಗೆ ಹೋಗುವ ಮೊದಲು

1. ಚರ್ಚಿನ ದಫ್ತರದಿಂದ ವಿವಾಹ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ವಿಳಾಸದ ದಾಖಲೆಗಳನ್ನು ತೆಗೆದಿಟ್ಟುಕೊಳ್ಳಿ.
2. ಮದುವೆಯ ದಿನದಿಂದ ನಡೆದುದನ್ನು ತಾರೀಕು ಸಮೇತ ಕ್ರಮವಾಗಿ ಎರಡು ಮೂರು ಪುಟಗಳಲ್ಲಿ ಬರೆಯಿರಿ.
3. ಆಸ್ಪತ್ರೆಯ ಚೀಟಿ, ಪೊಲೀಸ್ ದೂರಿನ ಸ್ವೀಕೃತಿ, ಪತ್ರ, ಮೊಬೈಲ್ ಸಂದೇಶ ಯಾವುದನ್ನೂ ಅಳಿಸಬೇಡಿ.
4. ಚಿನ್ನ, ಬ್ಯಾಂಕ್ ಖಾತೆ, ಸಾಲ, ಪಹಣಿ, ಸಂಬಳದ ಚೀಟಿಗಳ ಪಟ್ಟಿ ಮಾಡಿ. ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ.
5. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಕೊಟ್ಟ ಶುಲ್ಕಕ್ಕೆ ರಶೀದಿ ಕೇಳಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಪುರುಷರಿಗೆ ಸಾಮಾನ್ಯವಾಗಿ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು ಅಥವಾ 15100ಕ್ಕೆ ಕರೆ ಮಾಡಬಹುದು.

ನ್ಯಾಯಾಲಯದಲ್ಲಿ

ವಿವಾಹ ನಡೆದ ಊರಿನ, ದಂಪತಿ ವಾಸವಿರುವ ಅಥವಾ ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಊರಿನ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯವು ಮೊದಲು ರಾಜಿಗೆ ಪ್ರಯತ್ನಿಸುತ್ತದೆ. ಅದನ್ನು ಕೇವಲ ಔಪಚಾರಿಕವೆಂದು ತಿಳಿಯದೆ ಮನಸ್ಸು ಬಿಚ್ಚಿ ಮಾತನಾಡಬೇಕು. ಆದರೆ ಹಿಂಸೆ ನಡೆದಿದ್ದರೆ ಅದನ್ನು ಮುಚ್ಚಿಡಬಾರದು. ಸಮನ್ಸ್ ಬಂದಾಗ ಹಾಜರಾಗದೆ ಇದ್ದರೆ ಏಕಪಕ್ಷೀಯವಾಗಿ ತೀರ್ಪು ಆಗಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಮೊಕದ್ದಮೆ ಮುಗಿಯುವ ತನಕ ಹೆಂಡತಿಯು 36ನೇ ಕಲಮಿನಡಿ ಮಧ್ಯಂತರ ಜೀವನಾಂಶ ಮತ್ತು ಖರ್ಚು ಕೇಳಬಹುದು. ಗಂಡನ ಆದಾಯದ ಐದನೇ ಒಂದು ಭಾಗ ಮಾತ್ರ ಎಂಬ ಹಳೆಯ ಮಿತಿ 2001ರಿಂದ ಇಲ್ಲ. ಮನೆಯಲ್ಲಿ ಹಿಂಸೆಯಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ರಕ್ಷಣೆಯ ಆದೇಶ ಪಡೆಯಲು ವಿಚ್ಛೇದನದ ಅರ್ಜಿ ಹಾಕಿರಬೇಕೆಂದೇನೂ ಇಲ್ಲ. ಮಕ್ಕಳು ಯಾರ ಬಳಿ ಇರಬೇಕು ಎಂಬುದನ್ನು ನ್ಯಾಯಾಲಯ ಮಕ್ಕಳ ಹಿತವನ್ನು ನೋಡಿ ತೀರ್ಮಾನಿಸುತ್ತದೆ.

ಧರ್ಮಸಭೆಯ ನಿಲುವು

ನ್ಯಾಯಾಲಯಕ್ಕೆ ಹೋಗುವುದೇ ಪಾಪವೆಂದು ಕೆಲವರು ಹೆದರುತ್ತಾರೆ. ಕಾನೂನಿನ ಹಕ್ಕು, ಮಕ್ಕಳ ಪಾಲನೆ ಅಥವಾ ಆಸ್ತಿಯ ರಕ್ಷಣೆಗೆ ಬೇರೆ ದಾರಿಯೇ ಇಲ್ಲದಿದ್ದರೆ ನಾಗರಿಕ ವಿಚ್ಛೇದನವನ್ನು ಸಹಿಸಬಹುದು, ಅದು ನೈತಿಕ ಅಪರಾಧವಲ್ಲ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2383ನೇ ಪರಿಚ್ಛೇದ ತಿಳಿಸುತ್ತದೆ. ವಿಚ್ಛೇದನ ಪಡೆದು ಮರುಮದುವೆಯಾಗದೆ ಬಾಳುವವರಿಗೆ ವಿಚ್ಛೇದನದ ಕಾರಣಕ್ಕಾಗಿಯೇ ಪರಮಪ್ರಸಾದ ನಿರಾಕರಿಸುವಂತಿಲ್ಲ.

ವಿವಾಹದ ಊರ್ಜಿತತ್ವದ ಬಗ್ಗೆ ಸಂಶಯವಿದ್ದವರು ಧರ್ಮಪ್ರಾಂತ್ಯದ ಟ್ರಿಬ್ಯೂನಲ್‌ಗೆ ಮನವಿ ಸಲ್ಲಿಸಬಹುದು. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಮಾಡಿದ ಸುಧಾರಣೆಯಿಂದ ಎರಡನೆಯ ಟ್ರಿಬ್ಯೂನಲ್‌ನ ದೃಢೀಕರಣ ಈಗ ಕಡ್ಡಾಯವಲ್ಲ. ವಿವಾಹ ಅಸಿಂಧು ಎಂದಾದರೂ ಮಕ್ಕಳು ಧರ್ಮಸಭೆಯ ಕಾನೂನಿನಲ್ಲಿ ಅನೈತಿಕ ಸಂತಾನವಾಗುವುದಿಲ್ಲ ಎಂಬುದನ್ನು ತಾಯಂದಿರಿಗೆ ಒತ್ತಿ ಹೇಳಬೇಕು.

ಗುರ್ಕಾರರಿಗೆ ಮತ್ತು ಚರ್ಚ್ ಸೇವಕರಿಗೆ

ಹೊಡೆತ ತಿಂದು ಬಂದವರನ್ನು ತಾಳ್ಮೆಯ ಉಪದೇಶ ಹೇಳಿ ಹಿಂದಕ್ಕೆ ಕಳುಹಿಸಬಾರದು. ಮೊದಲು ಅವರ ಸುರಕ್ಷತೆ, ಅನಂತರ ವಕೀಲರು, ಅನಂತರ ಟ್ರಿಬ್ಯೂನಲ್. ಮರುಮದುವೆಗೆ ಬಂದವರಲ್ಲಿ ನ್ಯಾಯಾಲಯದ ಡಿಕ್ರಿ ಮತ್ತು ಟ್ರಿಬ್ಯೂನಲ್‌ನ ತೀರ್ಪು ಎರಡನ್ನೂ ನೋಡಿ, ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅವರು ಹೇಳಿದ ವಿಷಯ ವಾಳೆಯಲ್ಲಿ ಸುದ್ದಿಯಾಗದಂತೆ ಕಾಪಾಡುವುದು ನಮ್ಮೆಲ್ಲರ ಹೊಣೆ.